ತಂತಿ ಕಡಿದರೆ ಕೂಗುವ ಸೈರನ್: ತೋಟದ ಮನೆ, ಬೋರ್ ಕೇಬಲ್, ಕುರಿ ರೊಪ್ಪಕ್ಕೆ ನೀವೇ ಜೋಡಿಸಬಹುದಾದ ಅಲಾರಂ

ಬೋರ್‌ನಿಂದ ಸ್ಟಾರ್ಟರ್ ತನಕ ಎಳೆದಿರುವ ಕೇಬಲ್ ರಾತ್ರೋರಾತ್ರಿ ಕಳವಾದರೆ ಹೋಗುವುದು ಬರೀ ತಾಮ್ರದ ದುಡ್ಡಲ್ಲ. ಹೊಸ ಕೇಬಲ್ ತಂದು, ಮೆಕ್ಯಾನಿಕ್‌ನ ಹಿಡಿದು, ಮೋಟರ್ ಮತ್ತೆ ಓಡಿಸುವ ಹೊತ್ತಿಗೆ ಮೂರ್ನಾಲ್ಕು ದಿನ ನೀರಿಲ್ಲ. ಟೊಮೆಟೊ ಹೂವು ಕಟ್ಟುವಾಗಲೋ, ಎಳೆ ಅಡಿಕೆ ಗಿಡ ಬಿಸಿಲಿಗೆ ನಿಂತಿರುವಾಗಲೋ ಹೀಗಾದರೆ ನಷ್ಟ ಎಷ್ಟು ಅಂತ ನಿಮಗೇ ಗೊತ್ತು. ಕೇಬಲ್ಲನ್ನು ಬೋರ್ ಬಾಯಿಯ ಹತ್ತಿರವೇ ಕತ್ತರಿಸಿ, ತುದಿ ಒಳಕ್ಕೆ ಜಾರಿಬಿಟ್ಟರೆ ಪೈಪ್ ಎತ್ತಿಸುವ ಖರ್ಚು ಬೇರೆ.

ಮಧುಗಿರಿ ಉಪವಿಭಾಗದ ನಾಲ್ಕೂ ತಾಲ್ಲೂಕಿನಲ್ಲಿ ಕಾಯಬೇಕಾದ ವಸ್ತು ಬೇರೆ ಬೇರೆ. ಶಿರಾ, ಪಾವಗಡದ ಕಡೆ ಕುರಿ ರೊಪ್ಪ. ಕೊರಟಗೆರೆ, ಮಧುಗಿರಿಯ ತೋಟಗಳಲ್ಲಿ ಸುಲಿದಿಟ್ಟ ಅಡಿಕೆ, ಅಟ್ಟದ ಕೊಬ್ಬರಿ. ಪಾವಗಡದಲ್ಲಿ ಮೂಟೆ ಕಟ್ಟಿಟ್ಟ ಕಡಲೆಕಾಯಿ. ಬೋರ್ ಕೇಬಲ್, ಸ್ಟಾರ್ಟರ್, ಡ್ರಿಪ್ ಪೈಪು ಅಂತೂ ಎಲ್ಲ ಕಡೆಯೂ ಇದೆ. ಇವಕ್ಕೆಲ್ಲ ಒಂದೇ ತತ್ವದ ತಂತಿಯ ಅಲಾರಂ ಜೋಡಿಸುವುದು ಹೇಗೆ ಅನ್ನೋದು ಈ ವಾರದ ಪಾಠ. ಸೋಲಾರ್ ಪ್ಯಾನೆಲ್ ಸೇರಿಸಿದರೆ ಖರ್ಚು ಇನ್ನಷ್ಟು ಏರುತ್ತದೆ.

ಕ್ಯಾಮೆರಾ ಇದೆಯಲ್ಲ, ಇದೇಕೆ?

ಕ್ಯಾಮೆರಾ ಕಳ್ಳನ ಚಿತ್ರ ಹಿಡಿಯುತ್ತದೆ. ಆದರೆ ರಾತ್ರಿ ಎರಡು ಗಂಟೆಗೆ ಫೋನಿಗೆ ಬಂದ ನೋಟಿಫಿಕೇಶನ್ ನೋಡೋದು ಯಾರು? ಜೊತೆಗೆ ಅದಕ್ಕೆ ನೆಟ್‌ವರ್ಕ್ ಬೇಕು, ಕರೆಂಟ್ ಬೇಕು. ನಮ್ಮ ತೋಟಗಳಲ್ಲಿ ಎರಡೂ ನೆಚ್ಚಿಕೊಳ್ಳುವಂಥದ್ದಲ್ಲ. ತಂತಿಯ ಅಲಾರಂ 12 ವೋಲ್ಟ್ ಬ್ಯಾಟರಿಯಲ್ಲಿ ಓಡುತ್ತದೆ. ಸಿಮ್ ಬೇಡ, ರೀಚಾರ್ಜ್ ಬೇಡ. ಕ್ಯಾಮೆರಾ ಇದ್ದವರು ಇಟ್ಟುಕೊಳ್ಳಿ. ಆದರೆ ಮನೆಯವರನ್ನು ಎಬ್ಬಿಸುವ ಕೆಲಸ ಸೈರನ್‌ಗೆ ಬಿಡಿ.

ತತ್ವ ಏನು?

ಬ್ಯಾಟರಿಯಿಂದ ಒಂದು ಸಣ್ಣ ತಂತಿ ಹೊರಟು, ಕಾಯಬೇಕಾದ ಜಾಗಗಳನ್ನೆಲ್ಲ ಸುತ್ತಿ, ವಾಪಸ್ ಬಂದು ಒಂದು ರಿಲೇಗೆ ಸೇರುತ್ತದೆ. ಇದನ್ನು ಲೂಪ್ ಅಂತ ಕರೆಯೋಣ. ಲೂಪ್ ಪೂರ್ತಿ ಇರುವವರೆಗೆ ಸ್ವಲ್ಪ ಕರೆಂಟ್ ಹರಿಯುತ್ತಿರುತ್ತದೆ, ರಿಲೇ ಒಳಗಿನ ಅಯಸ್ಕಾಂತ ತನ್ನ ನಾಲಿಗೆಯನ್ನು ಎಳೆದು ಹಿಡಿದಿರುತ್ತದೆ, ಸೈರನ್ ಸುಮ್ಮನಿರುತ್ತದೆ. ಬಾಗಿಲು ತೆಗೆದರೂ, ತಂತಿ ಕಡಿದರೂ ಲೂಪ್ ತುಂಡಾಗಿ ರಿಲೇ ಕೈಬಿಡುತ್ತದೆ, ಸೈರನ್ ಕೂಗುತ್ತದೆ.

ಇಲ್ಲಿರುವ ಅನುಕೂಲ ಗಮನಿಸಿ. ಕಾಲಿಂಗ್ ಬೆಲ್ ತರಹ ‘ಒತ್ತಿದರೆ ಕೂಗುವ’ ವ್ಯವಸ್ಥೆಯಾದರೆ ಕಳ್ಳ ತಂತಿ ಕತ್ತರಿಸಿದ ಕೂಡಲೇ ಅದು ಸತ್ತಿತು. ನಮ್ಮದು ಕತ್ತರಿಸಿದರೇ ಕೂಗುವುದು. ತಂತಿಯೇ ಕಾವಲುಗಾರ.

ಬೇಕಾಗುವ ಸಾಮಾನು

ತಾಲ್ಲೂಕು ಕೇಂದ್ರದ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಇಲ್ಲವೇ ತುಮಕೂರಿನಲ್ಲಿ ಇವೆಲ್ಲ ಸಿಗುತ್ತವೆ. ಆನ್‌ಲೈನ್‌ನಲ್ಲೂ ತರಿಸಬಹುದು.

1. 12 ವೋಲ್ಟ್, 7 ಎಎಚ್ ಸೀಲ್ಡ್ ಬ್ಯಾಟರಿ (ಯುಪಿಎಸ್‌ಗೆ ಹಾಕುವಂಥದ್ದು).
2. 12 ವೋಲ್ಟ್ ಡಿಸಿ, 8 ಪಿನ್ನಿನ ರಿಲೇ, ಸ್ಕ್ರೂ ಇರುವ ಬೇಸ್ ಸಮೇತ. ಒಳಗೆ ಎಲ್‌ಇಡಿ ದೀಪ ಇರುವುದನ್ನೇ ಕೇಳಿ. 230 ವೋಲ್ಟ್ ಎಸಿ ರಿಲೇಯೂ ನೋಡೋಕೆ ಹೀಗೇ ಇರುತ್ತದೆ, ಮೈಮೇಲೆ ಬರೆದಿರುವುದನ್ನು ಓದಿ ತನ್ನಿ.
3. 12 ವೋಲ್ಟ್ ಸೈರನ್ (ಹೂಟರ್).
4. ಬಾಗಿಲಿಗೆ ಮ್ಯಾಗ್ನೆಟಿಕ್ ಸ್ವಿಚ್. ಇದರಲ್ಲಿ ಎರಡು ತುಂಡು: ಒಂದರಲ್ಲಿ ಅಯಸ್ಕಾಂತ, ಇನ್ನೊಂದರಲ್ಲಿ ತಂತಿ.
5. ಕೀ ಇರುವ ಸ್ವಿಚ್ ಒಂದು, ಪುಶ್ ಬಟನ್ ಒಂದು.
6. 3 ಆಂಪಿಯರ್ ಫ್ಯೂಸ್, ಹೋಲ್ಡರ್ ಸಮೇತ.
7. 1ಎನ್4007 ಡಯೋಡ್ ಒಂದು.
8. ಎರಡು ಎಳೆಯ ತಂತಿ, ತಂತಿ ಹಾಕಲು ಸಣ್ಣ ಪಿವಿಸಿ ಪೈಪು.
9. ಎಲ್ಲ ಕೂರಿಸಲು ಒಂದು ಪ್ಲಾಸ್ಟಿಕ್ ಡಬ್ಬಿ, ಪರೀಕ್ಷೆಗೆ ಒಂದು ಸಾದಾ ಮಲ್ಟಿಮೀಟರ್.

ಮಲ್ಟಿಮೀಟರ್ ಉಳಿಸೋಕೆ ಹೋಗಬೇಡಿ. ‘ಬೀಪ್’ ಅನ್ನುವ ಆ ಒಂದು ಸೆಟ್ಟಿಂಗ್ ಇಲ್ಲದೆ ತಂತಿ ಎಲ್ಲಿ ಕಡಿದಿದೆ ಅಂತ ಹುಡುಕುವುದು ಕಷ್ಟ.

ಡಬ್ಬಿಯೊಳಗಿನ ಜೋಡಣೆ

ಬೇಸ್ ಮೇಲೆ ಪಿನ್ ನಂಬರ್ ಬರೆದಿರುತ್ತದೆ. ಚೌಕಾಕಾರದ ಸಣ್ಣ 8 ಪಿನ್ ರಿಲೇಯಲ್ಲಿ ಸಾಮಾನ್ಯವಾಗಿ 13, 14 ಕಾಯಿಲ್. 9, 12 ಕಾಮನ್. 5, 8 ಎನ್‌ಓ (ರಿಲೇ ಎಳೆದಾಗ ಕೂಡುವುದು). 1, 4 ಎನ್‌ಸಿ (ರಿಲೇ ಬಿಟ್ಟಾಗ ಕೂಡುವುದು). ಗುಂಡಗಿರುವ ರಿಲೇಯ ನಂಬರ್ ಬೇರೆ. ರಿಲೇ ಮೈಮೇಲಿನ ಚಿತ್ರಕ್ಕೆ ತಾಳೆ ನೋಡಿಯೇ ಮುಂದುವರಿಯಿರಿ.

ಬ್ಯಾಟರಿ ತಂತಿಯನ್ನು ಕಟ್ಟಕಡೆಗೆ ಸೇರಿಸಿ. ಕ್ರಮ ಹೀಗಿದೆ:

1. ಬ್ಯಾಟರಿ ಪ್ಲಸ್‌ನಿಂದ ಫ್ಯೂಸ್‌ಗೆ, ಫ್ಯೂಸ್‌ನಿಂದ ಕೀ ಸ್ವಿಚ್‌ಗೆ. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ. 12 ವೋಲ್ಟ್ ಶಾಕ್ ಹೊಡೆಯಲ್ಲ ನಿಜ, ಆದರೆ ಪ್ಲಸ್-ಮೈನಸ್ ತಾಗಿದರೆ ತಂತಿ ಕಾದು ಬೆಂಕಿ ಹತ್ತಬಹುದು.
2. ಕೀ ಸ್ವಿಚ್‌ನ ಇನ್ನೊಂದು ತುದಿಯಿಂದ ಎರಡು ತಂತಿ ಹೊರಡಲಿ: ಒಂದು ಹೊರಗಿನ ಲೂಪ್‌ಗೆ, ಇನ್ನೊಂದು ರಿಲೇಯ 12ಕ್ಕೆ.
3. ಲೂಪ್ ಸುತ್ತಿ ವಾಪಸ್ ಬಂದ ತಂತಿ 9ಕ್ಕೆ.
4. 5ರಿಂದ 14ಕ್ಕೆ ಒಂದು ತುಂಡು ತಂತಿ. 13ರಿಂದ ಬ್ಯಾಟರಿ ಮೈನಸ್‌ಗೆ.
5. ಪುಶ್ ಬಟನ್‌ನ ಎರಡು ತುದಿ 9 ಮತ್ತು 5ಕ್ಕೆ.
6. 4ರಿಂದ ಸೈರನ್ ಪ್ಲಸ್‌ಗೆ. ಸೈರನ್ ಮೈನಸ್‌ನಿಂದ ಬ್ಯಾಟರಿ ಮೈನಸ್‌ಗೆ.
7. ಡಯೋಡ್ 13 ಮತ್ತು 14ರ ನಡುವೆ. ಬೆಳ್ಳಿ ಗೆರೆ ಇರುವ ತುದಿ 14ರ ಕಡೆಗೇ ಇರಬೇಕು. ಉಲ್ಟಾ ಹಾಕಿದರೆ ಫ್ಯೂಸ್ ಹೋಗಬಹುದು. ರಿಲೇ ಬಿಡುವಾಗ ಕಾಯಿಲ್‌ನಲ್ಲಿ ಹುಟ್ಟುವ ಜಟಕದಿಂದ ಮ್ಯಾಗ್ನೆಟಿಕ್ ಸ್ವಿಚ್ ಸುಡದಂತೆ ಈ ಡಯೋಡ್ ಕಾಯುತ್ತದೆ.

ಲೂಪ್‌ನ ಕರೆಂಟನ್ನು 9 ಮತ್ತು 5ರ ಮೂಲಕ ಹಾಯಿಸಿದ್ದು ಯಾಕೆ? ಒಂದು ಸಲ ಬಾಗಿಲು ತೆಗೆದು ಕಳ್ಳ ತಕ್ಷಣ ಮುಚ್ಚಿದರೂ ಸೈರನ್ ನಿಲ್ಲಬಾರದು. ರಿಲೇ ಬಿಟ್ಟಾಗ 9-5 ಕೊಂಡಿಯೂ ಬಿಡುತ್ತದೆ. ಮತ್ತೆ ನೀವೇ ಬಂದು ಬಟನ್ ಒತ್ತುವ ತನಕ ಅದು ಕೂಡಲ್ಲ.

ರಾತ್ರಿ ಅಲಾರಂ ಹಾಕುವ ವಿಧಾನ: ಪುಶ್ ಬಟನ್ ಒತ್ತಿ ಹಿಡಿದುಕೊಂಡೇ ಕೀ ತಿರುಗಿಸಿ, ಆಮೇಲೆ ಬಟನ್ ಬಿಡಿ. ರಿಲೇಯ ದೀಪ ಹತ್ತಿ, ಸೈರನ್ ಸುಮ್ಮನಿದ್ದರೆ ಎಲ್ಲ ಸರಿ. ಸೈರನ್ ಕೂಗಿದರೆ ಎಲ್ಲೋ ಬಾಗಿಲು ಸರಿಯಾಗಿ ಹಾಕಿಲ್ಲ, ಇಲ್ಲವೇ ತಂತಿ ಬಿಟ್ಟಿದೆ ಅಂತಲೇ ಲೆಕ್ಕ.

ಬೋರ್‌ಗೆ ಒಂದು, ರೊಪ್ಪಕ್ಕೆ ಒಂದು ಅಂತ ಎರಡು ಲೂಪ್ ಬೇಕಿದ್ದರೆ ಎರಡು ರಿಲೇ, ಎರಡು ಬಟನ್, ಎರಡು ಡಯೋಡ್ ಹಾಕಿ. ಬ್ಯಾಟರಿ, ಕೀ, ಸೈರನ್ ಒಂದೇ ಸಾಕು. ಕೂಗಿದಾಗ ಯಾವ ರಿಲೇಯ ದೀಪ ಆರಿದೆಯೋ ಆ ಕಡೆ ತೊಂದರೆ ಅಂತ ಒಳಗೆ ನಿಂತೇ ಗೊತ್ತಾಗುತ್ತದೆ.

ಹೊರಗಿನ ತಂತಿ ಎಳೆಯುವುದು

*ಬಾಗಿಲಿಗೆ:* ಮ್ಯಾಗ್ನೆಟಿಕ್ ಸ್ವಿಚ್‌ನ ತಂತಿ ಇರುವ ತುಂಡನ್ನು ಚೌಕಟ್ಟಿಗೆ, ಅಯಸ್ಕಾಂತದ ತುಂಡನ್ನು ಬಾಗಿಲಿಗೆ, ತಿರುಗಣೆಯಿಂದ ದೂರದ ಮೂಲೆಯಲ್ಲಿ ಒಳಗಡೆ ಹೊಡೆಯಿರಿ. ಬಾಗಿಲು ಮುಚ್ಚಿದಾಗ ನಡುವೆ ಒಂದು ಸೆಂಟಿಮೀಟರ್‌ಗಿಂತ ಹೆಚ್ಚು ಸಂದು ಬೇಡ. ಮುಚ್ಚಿದಾಗ ಮೀಟರ್ ‘ಬೀಪ್’ ಅನ್ನಬೇಕು, ತೆಗೆದಾಗ ನಿಲ್ಲಬೇಕು. ಉಲ್ಟಾ ಇದ್ದರೆ ಆ ಸ್ವಿಚ್ ನಮ್ಮ ಕೆಲಸಕ್ಕೆ ಆಗಲ್ಲ, ಅಂಗಡಿಯಲ್ಲಿ ಬದಲಾಯಿಸಿಕೊಳ್ಳಿ. ಕಬ್ಬಿಣದ ಬಾಗಿಲು ಅಯಸ್ಕಾಂತದ ಬಲ ಕುಗ್ಗಿಸುತ್ತದೆ. ಹಿಂದೆ ಒಂದು ಮರದ ತುಂಡು ಕೊಡಿ, ಅಥವಾ ರೋಲಿಂಗ್ ಶಟರ್‌ಗೆಂದೇ ಬರುವ ದಪ್ಪ ಸ್ವಿಚ್ ತನ್ನಿ. ಎಷ್ಟು ಬಾಗಿಲಿದ್ದರೂ ಸ್ವಿಚ್‌ಗಳನ್ನು ಸರಪಳಿಯಂತೆ ಒಂದರ ಹಿಂದೆ ಒಂದು ಸೇರಿಸಿದರಾಯ್ತು.

*ಬೋರ್ ಕೇಬಲ್‌ಗೆ:* ಇಲ್ಲಿ ಸ್ವಿಚ್ ಬೇಡವೇ ಬೇಡ. ಎರಡು ಎಳೆಯ ತಂತಿಯನ್ನು ಮೋಟರ್ ಕೇಬಲ್ ಜೊತೆಜೊತೆಗೇ ಬೋರ್ ತನಕ ಒಯ್ದು, ಕೊನೆಯಲ್ಲಿ ಎರಡು ಎಳೆಯನ್ನೂ ಕೂಡಿಸಿ ಟೇಪ್ ಸುತ್ತಿ. ಆದರೆ ಒಂದು ಎಚ್ಚರಿಕೆ: ಲೂಪ್ ತಂತಿ ಮತ್ತು ಮೂರು ಫೇಸ್ ಕೇಬಲ್ ಒಂದೇ ಪೈಪಿನೊಳಗೆ ಹೋಗಕೂಡದು. ಕೇಬಲ್‌ನ ಮೇಲ್ಪದರ ಸವೆದಿದ್ದರೆ 415 ವೋಲ್ಟ್ ನಿಮ್ಮ ಡಬ್ಬಿಗೇ ಬಂದುಬಿಡುತ್ತದೆ. ಲೂಪ್‌ಗೆ ಅದರದ್ದೇ ಸಣ್ಣ ಪೈಪು ಇರಲಿ, ಎರಡು ಪೈಪುಗಳನ್ನು ಅಲ್ಲಲ್ಲಿ ಕ್ಲ್ಯಾಂಪ್ ಹಾಕಿ ಬಿಗಿಯಿರಿ. ಒಂದನ್ನು ಕಿತ್ತರೆ ಇನ್ನೊಂದೂ ಕೀಳಬೇಕು. ಸ್ಟಾರ್ಟರ್ ಡಬ್ಬಿಯ ಒಳಗೆ ಯಾವ ತಂತಿಯನ್ನೂ ನೀವೇ ಸೇರಿಸಬೇಡಿ. ಅದು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೆಲಸ.

*ಕುರಿ ರೊಪ್ಪಕ್ಕೆ:* ಬಾಗಿಲಿಗೆ ಮ್ಯಾಗ್ನೆಟಿಕ್ ಸ್ವಿಚ್. ಬೇಲಿಯ ಜಾಲರಿ ಕತ್ತರಿಸಿ ಬರುವವರಿಗಾಗಿ ಲೂಪ್ ತಂತಿಯನ್ನು ಜಾಲರಿಯ ಹೊರಮೈಯಲ್ಲಿ ಮೇಲೊಂದು, ನಡುವೆ ಒಂದು ಸುತ್ತು ಹೆಣೆಯಿರಿ. ಒಳಗಡೆ ಹಾಕಿದರೆ ಕುರಿ ಮೈ ಉಜ್ಜಿ, ಮೇಕೆ ಕಚ್ಚಿ ತಂತಿ ಉಳಿಯಲ್ಲ.

*ತಂತಿ ಎಷ್ಟು ದಪ್ಪ?* ಡಬ್ಬಿಯಿಂದ ಬೋರ್‌ಗೆ 200 ಮೀಟರ್ ತನಕ ಇದ್ದರೆ 0.5 ಸ್ಕ್ವೇರ್ ಎಂಎಂ ತಾಮ್ರದ ತಂತಿ ಸಾಕು. 300 ಮೀಟರ್ ತನಕ 0.75. ಅದಕ್ಕಿಂತ ದೂರವಾದರೆ ಹೋಗಿ ಬರುವ ದಾರಿಯಲ್ಲೇ ವೋಲ್ಟೇಜ್ ಇಳಿದು, ಬ್ಯಾಟರಿ ಸ್ವಲ್ಪ ಕಮ್ಮಿ ಆದಾಗ ರಿಲೇ ಸುಮ್ಮಸುಮ್ಮನೆ ಬಿಡುವ ಅಪಾಯ ಇದೆ. ಸೈರನ್ ಹೆಚ್ಚು ಕರೆಂಟ್ ಎಳೆಯುವುದರಿಂದ ಅದರ ತಂತಿ 1.5 ಇರಲಿ, ಉದ್ದ ಕಮ್ಮಿ ಇರಲಿ.

*ಡಬ್ಬಿ, ಸೈರನ್ ಎಲ್ಲಿ?* ಡಬ್ಬಿ ಜನ ಮಲಗುವ ಮನೆಯೊಳಗೆ. ಸೈರನ್ ಸೂರಿನ ಕೆಳಗೆ, ಕೈಗೆ ಎಟುಕದ ಎತ್ತರದಲ್ಲಿ, ಮಳೆ ಬೀಳದ ಕಡೆ. ಅದರ ತಂತಿ ಗೋಡೆಯ ಒಳಗಿಂದಲೇ ಬರಲಿ, ಯಾಕೆಂದರೆ ಸೈರನ್ ತಂತಿ ಕತ್ತರಿಸಿದರೆ ಅಲಾರಂ ಮೂಕ. ಲೂಪ್‌ನ ಎರಡು ಎಳೆಯನ್ನು ಮನೆ ಹತ್ತಿರವೇ ಒಂದಕ್ಕೊಂದು ಕೂಡಿಸಿದರೂ ಕಾವಲು ತಪ್ಪುತ್ತದೆ. ಅದಕ್ಕೇ ತಂತಿ ಮನೆಯಿಂದ ಹೊರಡುವ ಜಾಗ ನೆಲದಡಿ ಇರಲಿ.

ಬ್ಯಾಟರಿ ಲೆಕ್ಕ

ಈ ತರಹದ ರಿಲೇ ಸುಮಾರು 75 ಮಿಲಿ ಆಂಪಿಯರ್ ಎಳೆಯುತ್ತದೆ. ರಾತ್ರಿ 12 ಗಂಟೆ ಹಾಕಿಟ್ಟರೆ 0.9 ಎಎಚ್ ಖರ್ಚು. ಹಗಲೂ ರಾತ್ರಿ ಆದರೆ 1.8. ಸೀಲ್ಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಆಯಸ್ಸು ಕಮ್ಮಿ. ಹಾಗಾಗಿ 7 ಎಎಚ್‌ನಲ್ಲಿ ಬಳಸಬಹುದಾದ್ದು 3.5 ಅಂದುಕೊಳ್ಳಿ. ಚಾರ್ಜ್ ಇಲ್ಲದೆ ಮೂರ್ನಾಲ್ಕು ರಾತ್ರಿ ಬರುತ್ತದೆ. ಎರಡು ರಿಲೇ ಹಾಕಿದರೆ ಅದರ ಅರ್ಧ.

ಮನೆಯಲ್ಲಿ ಕರೆಂಟ್ ಇದ್ದರೆ 13.8 ವೋಲ್ಟ್‌ನ ಬ್ಯಾಟರಿ ಚಾರ್ಜರ್ ಸದಾ ಹಾಕಿಡಬಹುದು. ಇಲ್ಲವಾದರೆ 10 ವ್ಯಾಟ್‌ನ ಸೋಲಾರ್ ಪ್ಯಾನೆಲ್, ಒಂದು ಸಣ್ಣ ಚಾರ್ಜ್ ಕಂಟ್ರೋಲರ್. ಒಳ್ಳೆ ಬಿಸಿಲಿನ ದಿನ ಇದು 2 ಎಎಚ್‌ಗಿಂತ ಹೆಚ್ಚು ತುಂಬುತ್ತದೆ. ತಿರುಮಣಿ ಸುತ್ತಮುತ್ತ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ನೋಡಿದ ಪಾವಗಡದವರಿಗೆ ನಮ್ಮ ಬಿಸಿಲಿನ ಬಗ್ಗೆ ಹೇಳಬೇಕಿಲ್ಲ. ಪ್ಯಾನೆಲ್ ಕೂಡ ಕಳ್ಳರಿಗೆ ಇಷ್ಟ, ಲೂಪ್ ತಂತಿಯನ್ನು ಅದರ ಫ್ರೇಮಿನ ತೂತಿನಲ್ಲೂ ತೂರಿಸಿಬಿಡಿ.

ಸುಳ್ಳು ಅಲಾರಂ ಬಂದರೆ ಎಲ್ಲ ವ್ಯರ್ಥ

‘ತೋಳ ಬಂತು ತೋಳ’ ಕಥೆ ಕುರಿ ಕಾಯುವವರಿಗೆ ಹೊಸದಲ್ಲ. ಮೂರು ರಾತ್ರಿ ಸುಮ್ಮನೆ ಕೂಗಿದ ಸೈರನ್‌ಗೆ ನಾಲ್ಕನೇ ರಾತ್ರಿ ಪಕ್ಕದ ತೋಟದವರು ಎದ್ದು ಬರಲ್ಲ. ಬೇಸತ್ತು ನೀವೇ ಕೀ ತೆಗೆದಿಡುತ್ತೀರಿ. ಸಾಮಾನ್ಯ ಕಾರಣಗಳು ಇವು:

- ಜಾಯಿಂಟ್‌ಗೆ ನೀರು ಸೇರಿ ಹಸಿರು ಕಿಲುಬು ಹಿಡಿಯುವುದು. ಬರೀ ಹೊಸೆದು ಟೇಪ್ ಸುತ್ತಬೇಡಿ. ಬೆಸುಗೆ ಹಾಕಿ, ಅಥವಾ ಸ್ಕ್ರೂ ಕನೆಕ್ಟರ್ ಹಾಕಿ ಡಬ್ಬಿಯಲ್ಲಿಡಿ.
- ಇಲಿ, ಅಳಿಲು ಕಡಿಯುವುದು. ಪೈಪಿಲ್ಲದೆ ತಂತಿ ಬಿಡಬೇಡಿ. ಪೈಪಿನ ಬಾಯಿ ಮುಚ್ಚಿ.
- ಗಾಳಿಗೆ ಬಾಗಿಲು ಅಲ್ಲಾಡುವುದು. ಚಿಲಕ ಬಿಗಿಮಾಡಿ, ಅಯಸ್ಕಾಂತ ಹತ್ತಿರ ತನ್ನಿ.
- ಬ್ಯಾಟರಿ ಸೊರಗುವುದು. ಚಾರ್ಜ್ ಬಿಚ್ಚಿ ನೋಡಿದಾಗ 12 ವೋಲ್ಟ್‌ಗಿಂತ ಕೆಳಗಿದ್ದರೆ ಕೂಡಲೇ ಚಾರ್ಜ್ ಮಾಡಿ.

ಮನುಷ್ಯರ ಚಲನೆ ಹಿಡಿಯುವ ಪಿಐಆರ್ ಸೆನ್ಸರ್ ಹಾಕಬಹುದಾ ಅಂತ ಕೆಲವರು ಕೇಳಬಹುದು. ಮುಚ್ಚಿದ ಗೋಡೌನಿಗೆ ಸರಿ. ಬಯಲಿನಲ್ಲಿ, ರೊಪ್ಪದಲ್ಲಿ ಬೇಡ. ನಾಯಿ, ಕುರಿ, ಬಿಸಿಗಾಳಿ ಎಲ್ಲಕ್ಕೂ ಅದು ಕೂಗುತ್ತದೆ.

ಮುಂಗಾರು ಮುಂಚಿನ ಗುಡುಗು ಸಿಡಿಲಿನ ದಿನಗಳಲ್ಲಿ ಬಯಲಲ್ಲಿ ಎಳೆದ ಉದ್ದ ತಂತಿ ಸಿಡಿಲಿನ ಜಟಕವನ್ನು ಡಬ್ಬಿಗೆ ತರಬಹುದು. ತಂತಿ ಆದಷ್ಟೂ ನೆಲದಡಿ ಇರಲಿ. ಗುಡುಗುವಾಗ ಡಬ್ಬಿ, ತಂತಿ ಮುಟ್ಟಬೇಡಿ. ಒಂದು ರಿಲೇ ಹೆಚ್ಚುವರಿ ಇಟ್ಟುಕೊಳ್ಳಿ.

ಬೇಲಿಗೆ ಕರೆಂಟ್ ಬಿಡುವ ಯೋಚನೆ ಬೇಡ

ಕಳ್ಳತನದ ಸಿಟ್ಟಿಗೆ ಕೆಲವರು ಬೇಲಿಗೆ ನೇರ ಲೈನ್ ಕರೆಂಟ್ ಕೊಡೋಣ ಅಂತಾರೆ. ದಯವಿಟ್ಟು ಬೇಡ. ಆ ತಂತಿಗೆ ಕಳ್ಳ ಯಾರು, ನೀರು ಕಟ್ಟಲು ಬಂದ ಅಣ್ಣ ಯಾರು, ಹುಲ್ಲಿಗೆ ಬಂದ ಪಕ್ಕದ ಮನೆ ಅಜ್ಜಿ ಯಾರು ಅಂತ ಗೊತ್ತಾಗಲ್ಲ. ಜನ ಸತ್ತರೆ ಜಮೀನಿನವರ ಮೇಲೆ ಕ್ರಿಮಿನಲ್ ಕೇಸು. ನಮ್ಮ ಗುಡ್ಡಗಳಲ್ಲಿ ಕರಡಿ, ಚಿರತೆ ಓಡಾಡುತ್ತವೆ. ಎರಡೂ ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಮೊದಲ ಪಟ್ಟಿಯಲ್ಲಿವೆ. ಅವು ಸತ್ತರೂ ಜೈಲೇ. ನಮ್ಮ 12 ವೋಲ್ಟ್ ತಂತಿಯನ್ನು ಮಗು ಮುಟ್ಟಿದರೂ ಏನೂ ಆಗಲ್ಲ. ಕಳ್ಳ ಓಡಿಹೋದರೆ ಸಾಕು, ನಮ್ಮ ಸಾಮಾನು ಉಳಿಯಿತು.

ಸೈರನ್ ಕೂಗಿದಾಗ ಏನು ಮಾಡಬೇಕು?

ಟಾರ್ಚ್ ಹಿಡಿದು ಒಬ್ಬರೇ ಕತ್ತಲಿಗೆ ನುಗ್ಗಬೇಡಿ. ಬಂದವರು ಎಷ್ಟು ಜನ, ಕೈಯಲ್ಲಿ ಏನಿದೆ ನಿಮಗೆ ಗೊತ್ತಿಲ್ಲ. ಹೊರಗಿನ ಲೈಟ್ ಎಲ್ಲ ಹಾಕಿ, ಒಳಗಿಂದಲೇ 112ಕ್ಕೆ ಫೋನ್ ಮಾಡಿ. ಊರು, ಹತ್ತಿರದ ದೇವಸ್ಥಾನ ಅಥವಾ ಶಾಲೆ, ರಸ್ತೆಯ ಗುರುತು ಹೇಳಿ. ಆಮೇಲೆ ಅಕ್ಕಪಕ್ಕದ ಮೂರು ತೋಟದವರಿಗೆ ಫೋನ್. ವಾಟ್ಸಾಪ್ ಮೆಸೇಜ್ ಅಲ್ಲ, ಫೋನ್. ಈ ಮೂವರ ಹತ್ತಿರ ಮೊದಲೇ ಮಾತಾಡಿಕೊಂಡಿರಬೇಕು: ‘ಅಣ್ಣ, ಸೈರನ್ ಕೇಳಿದರೆ ಲೈಟ್ ಹಾಕಿ ಕೂಗು ಹಾಕಿ, ನಿಮ್ಮದು ಕೂಗಿದರೆ ನಾವೂ ಬರ್ತೀವಿ’ ಅಂತ. ಗಾಡಿ ಕಂಡರೆ ನಂಬರ್ ಬರೆದುಕೊಳ್ಳಿ, ಅಡ್ಡ ನಿಲ್ಲಬೇಡಿ.

ಮನೆ ಊರಲ್ಲಿದ್ದು ತೋಟ ಒಂದೆರಡು ಕಿಲೋಮೀಟರ್ ದೂರ ಇದ್ದರೆ ಡಬ್ಬಿ ತೋಟದ ಮನೆಯಲ್ಲೇ ಇರಲಿ. ಸೈರನ್ ಜೊತೆಗೆ ಸಿಮ್ ಹಾಕುವ ಆಟೋ ಡಯಲರ್ ಸೇರಿಸಿದರೆ ನಿಮ್ಮ ಫೋನಿಗೆ ಕರೆ ಬರುತ್ತದೆ. ಕೊಳ್ಳುವ ಮುಂಚೆ ಅದೇ ಜಾಗದಲ್ಲಿ ನಿಂತು ಯಾವ ಕಂಪನಿಯ ನೆಟ್‌ವರ್ಕ್ ಸಿಗುತ್ತದೆ ಅಂತ ನೋಡಿ. ನಿಮ್ಮ ಮೋಟರ್‌ಗೆ ಮೊಬೈಲ್ ಸ್ಟಾರ್ಟರ್ ಇದ್ದರೆ ಅದರ ಪುಸ್ತಕ ಒಮ್ಮೆ ತೆಗೆದು ಓದಿ. ಕೆಲವು ಮಾಡೆಲ್‌ಗಳಲ್ಲಿ ಕೇಬಲ್ ಕತ್ತರಿಸಿದರೆ ಕರೆ ಮಾಡುವ ಸೌಲಭ್ಯ ಇರುತ್ತದೆ.

ಕಳವು ಆಗಿಯೇ ಬಿಟ್ಟಿದ್ದರೆ ದೂರು ಕೊಡದೆ ಬಿಡಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ‘ನಮ್ಮ ಹದ್ದಿನಲ್ಲಿ ಬರಲ್ಲ’ ಅನ್ನುವ ಹಾಗಿಲ್ಲ. ಆಂಧ್ರದ ಗಡಿಗೆ ಅಂಟಿಕೊಂಡ ಪಾವಗಡ, ಮಧುಗಿರಿ ಹಳ್ಳಿಗಳವರು ಇದನ್ನು ನೆನಪಿಡಿ. ಆನ್‌ಲೈನ್ ಮೂಲಕ ದೂರು ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಮಾಡಬೇಕು. ಎಫ್‌ಐಆರ್ ಪ್ರತಿ ಉಚಿತ. ಮೋಟರ್, ಸ್ಟಾರ್ಟರ್‌ನ ಸೀರಿಯಲ್ ನಂಬರ್, ಬಿಲ್ಲು, ಕುರಿಗಳ ಕಿವಿಯೋಲೆ ನಂಬರ್ ಫೋಟೋ ಇಂದೇ ತೆಗೆದಿಟ್ಟರೆ ಆಗ ಕೆಲಸಕ್ಕೆ ಬರುತ್ತದೆ.

ವಾರಕ್ಕೊಮ್ಮೆ ಐದು ನಿಮಿಷ

1. ಭಾನುವಾರ ಸಂಜೆ ಒಂದು ಸಮಯ ಗೊತ್ತು ಮಾಡಿ, ಅಕ್ಕಪಕ್ಕದವರಿಗೆ ಹೇಳಿ, ಪ್ರತಿ ಬಾಗಿಲನ್ನೂ ತೆಗೆದು ಸೈರನ್ ಕೂಗಿಸಿ ನೋಡಿ.
2. ಬೋರ್ ಹತ್ತಿರ ಕೂಡಿಸಿದ ತುದಿಯನ್ನು ತಿಂಗಳಿಗೊಮ್ಮೆ ಬಿಚ್ಚಿ ಅದೂ ಕೂಗುತ್ತದಾ ನೋಡಿ.
3. ಬ್ಯಾಟರಿ ವೋಲ್ಟೇಜ್ ಬರೆದಿಡಿ. ವಾರದಿಂದ ವಾರಕ್ಕೆ ಇಳಿಯುತ್ತಿದ್ದರೆ ಪ್ಯಾನೆಲ್ ಮೇಲಿನ ಧೂಳು ಒರೆಸಿ.
4. ಕೀ ಎಲ್ಲಿದೆ, ಹೇಗೆ ಹಾಕಬೇಕು ಅನ್ನೋದು ಮನೆಯ ಎಲ್ಲರಿಗೂ ಗೊತ್ತಿರಲಿ. ನೀವು ಸಂತೆಗೆ, ಮದುವೆಗೆ ಹೋದ ರಾತ್ರಿಯೇ ಕಳ್ಳರು ಬರುವುದು ಹೆಚ್ಚು.

ಮೊದಲು ಡಬ್ಬಿಯ ಜೋಡಣೆಯನ್ನು ಮೇಜಿನ ಮೇಲೆ ಎರಡು ಮೀಟರ್ ತಂತಿಯಲ್ಲಿ ಮಾಡಿ ನೋಡಿ. ಅದು ಸರಿಯಾಗಿ ಕೂಗಿದ ಮೇಲೆ ಒಂದು ಬಾಗಿಲಿಗೆ ಹಾಕಿ, ಒಂದು ವಾರ ಸುಳ್ಳು ಅಲಾರಂ ಇಲ್ಲ ಅಂತ ಖಾತ್ರಿಯಾದ ಮೇಲೆ ಬೋರ್‌ಗೆ, ರೊಪ್ಪಕ್ಕೆ ತಂತಿ ಎಳೆಯಿರಿ. ಮಳೆಗಾಲಕ್ಕೆ ಮುಂಚೆ ಪೈಪು ಹೂತರೆ ಅಗೆಯುವ ಕೆಲಸವನ್ನು ಡ್ರಿಪ್ ಕಾಲುವೆ ಜೊತೆಗೇ ಮುಗಿಸಬಹುದು.